ಚಿಕ್ಕದು, ಮಧ್ಯಮ, ದೊಡ್ಡದು

ಬಸ್ಸಿನೊಳಗಿನ ತಿರುಗುಗೇಟಿನ ಮುಂದೆ ಬಂದು ನಿಂತಾಗ ಇರಾಸಿಲ್ಡಾ ಉಸಿರು ಒಳಗೆಳೆದುಕೊಳ್ಳುವ ಗೋಜಿಗೇ ಹೋಗಲಿಲ್ಲ. ಎಳೆದುಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂಬುದು ಹದಿನೈದು ವರ್ಷಗಳ ಅನುಭವ. ಸೊಂಟದ ಎತ್ತರಕ್ಕೆ ಅಡ್ಡ ಚಾಚಿಕೊಂಡ ಆ ಕಬ್ಬಿಣದ ತೋಳುಗಳನ್ನು ಯಾರೋ ಒಬ್ಬ ಬಡಕಲ ತನ್ನ ಮೈಯನ್ನೇ ಅಳತೆ ಹಿಡಿದು ಮಾಡಿಸಿರಬೇಕು. ಅವನ ಮನೆ ಹಾಳಾಗ. ಕಂಡಕ್ಟರು ತನ್ನ ಎತ್ತರದ ಕುರ್ಚಿಯಿಂದ ಒಮ್ಮೆ ಗೇಟನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ, ಆಮೇಲೆ ಡ್ರೈವರನ ಕಡೆ ಕೂಗಿದ: "ಗುರುವೇ, ಆ ಕಡೆ ಬಾಗಿಲು ತೆಗಿ, ಅಮ್ಮಾವ್ರು ಸುತ್ಕೊಂಡು ಬರ್ತಾರೆ." ಬಸ್ಸಿನಲ್ಲಿದ್ದ ಅಷ್ಟೂ ತಲೆಗಳು ತಿರುಗಿದವು. "ಒಂದು ಟಿಕೆಟ್ಟೋ ಎರಡೋ ಕೇಳು," ಎಂದಿತು ಹಿಂದಿನ ಒಂದು ಗಂಡಸಿನ ದನಿ, ಅದಕ್ಕೆ ಒಂದಿಬ್ಬರು ನಕ್ಕರು. ಕಂಡಕ್ಟರು ನಗಲಿಲ್ಲ, ಒಳ್ಳೆಯವನು. ಅವನು ಕೈಯಿಂದಲೇ ಗೇಟನ್ನು ಒಂದು ಸುತ್ತು ತಿರುಗಿಸಿದ, ಅದು ಕಟಕ್ ಎಂದಿತು, ಅದರ ನೆತ್ತಿಯ ಮೇಲಿನ ಅಂಕಿ ಒಂದು ಏರಿತು. ಬಸ್ಸಿನ ಲೆಕ್ಕದಲ್ಲಿ ಒಬ್ಬ ಹೆಂಗಸು ಗೇಟು ದಾಟಿ ಒಳಗೆ ಬಂದಾಗಿತ್ತು. ನಿಜವಾದ ಹೆಂಗಸು ಇಳಿದು, ಏಳೂವರೆಗೇ ಚುರುಗುಟ್ಟುತ್ತಿದ್ದ ಅಕ್ಟೋಬರಿನ ಬಿಸಿಲಿನಲ್ಲಿ ಬಸ್ಸಿನ ಉದ್ದಕ್ಕೂ ನಡೆದು ಇನ್ನೊಂದು ಬಾಗಿಲಿನಿಂದ ಹತ್ತಿದಳು.

ಸೀಟಿನಲ್ಲಿ ಅರ್ಧ, ಓಣಿಯಲ್ಲಿ ಅರ್ಧ ಕುಳಿತು ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಒಳಗೆ ವಿಶ್ವವಿದ್ಯಾಲಯದವರು ಕೊಟ್ಟ ಊಟದ ಪುಸ್ತಕ ಇತ್ತು, ಪುಸ್ತಕ ಒದ್ದೆಯಾಗದಿರಲೆಂದು ಸುತ್ತಿದ ಪ್ಲಾಸ್ಟಿಕ್ಕು ಇತ್ತು, ತಳದಲ್ಲಿ ಕರವಸ್ತ್ರದ ಗಂಟೊಂದಿತ್ತು. ನಿನ್ನೆ ರಾತ್ರಿ ಎಂಟರಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿರಲಿಲ್ಲ. ರಕ್ತ ಮತ್ತೊಮ್ಮೆ ಬೇಕಾದರೂ ಬೇಕಾಗಬಹುದು, ಖಾಲಿ ಹೊಟ್ಟೆಯಲ್ಲೇ ಬನ್ನಿ ಎಂದಿದ್ದರು. ಬೆಳಗ್ಗೆ ಹೊರಡುವಾಗ ತಮ್ಮನ ಹೆಂಡತಿ ಎವಾನಿ ತಿಗರಿಯ ಮುಂದೆ ಕೂತು ಕಾಫಿ ಕುಡಿಯುತ್ತ, "ಏನಕ್ಕ, ಒಂದು ತುಂಡು ಜೋಳದ ಕುಸ್ಕುಸ್ ಆದ್ರೂ ತಿನ್ನು, ದಾರೀಲಿ ಬಿದ್ದುಗಿದ್ದು ಹೋದ್ರೆ ನಿನ್ನ ಎತ್ತೋಕೆ ಅಗ್ನಿಶಾಮಕದೋರೇ ಬರ್ಬೇಕು," ಎಂದಿದ್ದಳು. ಎವಾನಿಯ ಬಾಯಿ ಕೆಟ್ಟದ್ದು, ಮನಸ್ಸು ಕೆಟ್ಟದ್ದಲ್ಲ. ಆಮೇಲೆ ಗಂಭೀರವಾಗಿ, "ಹನ್ನೊಂದಕ್ಕೆ ಮಣ್ಣಿನ ಗಾಡಿ ಬರುತ್ತೆ, ಅಷ್ಟೊತ್ತಿಗೆ ಬಂದ್ಬಿಡು. ನೀನು ಬಾಯಿಗೆ ಹಾಕ್ದೆ ಇಲ್ಲಿ ಯಾರೂ ಒಂದು ಬುಟ್ಟೀನೂ ಇಳಿಸಲ್ಲ," ಎಂದು ಸೇರಿಸಿದಳು. ಆ ಮಾತನ್ನು ಇರಾಸಿಲ್ಡಾ ಬಸ್ಸಿನಲ್ಲಿ ಮತ್ತೆ ಮತ್ತೆ ನಾಲಿಗೆಯ ಮೇಲಿಟ್ಟು ಚಪ್ಪರಿಸಿದಳು. ಪೊತಿ ಹೊಳೆಯ ದಂಡೆಯ ಆ ಇಪ್ಪತ್ತೆರಡು ಕುಂಬಾರಗಿತ್ತಿಯರ ಕೊಟ್ಟಿಗೆಯಲ್ಲಿ ಅವಳ ಬಾಯಿಗೆ ಒಂದು ಮರ್ಯಾದೆ ಇತ್ತು. ಇಡೀ ತೆರೆಸೀನಾ ನಗರದಲ್ಲಿ ಬೇರೆಲ್ಲೂ ಅದಕ್ಕೆ ಮರ್ಯಾದೆ ಇರಲಿಲ್ಲ.

ಪುಸ್ತಕವನ್ನು ಅವಳು ಚರ್ಚಿನಲ್ಲಿ ಪಾಪ ಒಪ್ಪಿಕೊಳ್ಳುವವಳ ಹಾಗೆ ಬರೆದಿದ್ದಳು. ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲೇಬೇಕು. ಬಾಯಿಗೆ ಹೋದದ್ದೆಲ್ಲ ಬರೀಬೇಕು, ಏನು, ಎಷ್ಟು, ಎಷ್ಟು ಹೊತ್ತಿಗೆ. ಅವಳಿಗೆ ಅಳತೆ ಎಂದರೆ ಆಟವಲ್ಲ; ನಲವತ್ತು ವರ್ಷದಿಂದ ಮಣ್ಣಿನ ಉಂಡೆಯನ್ನು ಕೈಯಲ್ಲಿ ತೂಗಿ, ಇದು ಅರ್ಧ ಲೀಟರಿನ ಹೂಜಿ, ಇದು ಮುಕ್ಕಾಲು ಎಂದು ಹೇಳಿ ತಪ್ಪಿದವಳಲ್ಲ. ಅದಕ್ಕೇ ಆ ಮೂರು ದಿನಕ್ಕೆಂದೇ ಒಂದು ಬೋಗುಣಿಯನ್ನು ತಾನೇ ತಿರುಗಿಸಿ, ಸುಟ್ಟು, ಅಂಗಡಿಯ ತಕ್ಕಡಿಯಲ್ಲಿ ಅಕ್ಕಿ ಹಾಕಿ ನೋಡಿಕೊಂಡಿದ್ದಳು. ಭಾನುವಾರ ತಮ್ಮನ ಮಗಳ ಹುಟ್ಟುಹಬ್ಬ. ಕೇಕು ಎರಡು ತುಂಡು ಎಂದು ಬರೆದಳು. ಎರಡನೆಯದನ್ನು ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲ ಹಿಂದೆ ನಿಂತು ಯಾರಿಗೂ ಕಾಣದ ಹಾಗೆ ತಿಂದದ್ದು. ಅದನ್ನೂ ಬರೆದಳು, 'ಯಾರಿಗೂ ಕಾಣದ ಹಾಗೆ' ಎನ್ನುವುದನ್ನೂ ಬಿಡದೆ ಬರೆದಳು. ಬರೆದ ಮೇಲೆ ಕೆನ್ನೆ ಬಿಸಿಯಾಯಿತು. ಆದರೆ ಅದೇ ಭಾನುವಾರ ಊಟದ ಹೊತ್ತಿಗೆ ಒಣಮಾಂಸದ ಅನ್ನವನ್ನು ಎರಡು ಚಮಚೆಗೆ ಸಾಕು ಎಂದದ್ದೂ ನಿಜ. "ಸಾಕಂತೆ," ಎಂದು ತಮ್ಮ ನಕ್ಕಿದ್ದ, ಇನ್ನೊಂದು ಚಮಚೆ ಸುರಿದಿದ್ದ. "ಇಷ್ಟು ಮೈಗೆ ಅಷ್ಟೇನಾ? ಆಮೇಲೆ ಒಬ್ಳೇ ಬಂದು ಪಾತ್ರೆ ಬಳೀತಾಳೆ ಬಿಡು." ಅವಳು ಆ ಮೂರನೆಯ ಚಮಚೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಬಿಟ್ಟದ್ದನ್ನು ಯಾರೂ ನೋಡಲಿಲ್ಲ. ಹುಟ್ಟಿದಾಗಿನಿಂದ ಅವಳು ಬಿಟ್ಟದ್ದನ್ನು ಯಾರೂ ನೋಡಿಲ್ಲ.

ಸಾಕು ಎಂಬ ಮಾತನ್ನು ಮೊದಲ ಸಲ ಯಾರಾದರೂ ಗಂಭೀರವಾಗಿ ತೆಗೆದುಕೊಂಡದ್ದನ್ನು ಅವಳು ಕೇಳಿದ್ದು ಆ ವಿಶ್ವವಿದ್ಯಾಲಯದಲ್ಲೇ. ತಿಂಗಳ ಹಿಂದೆ, ಮೊದಲ ದಿನ, ಅವಳಂಥದೇ ಮೈಯ ಮೂವತ್ತು ಹೆಂಗಸರನ್ನು ತೋಳಿಲ್ಲದ ಅಗಲ ಬೆಂಚುಗಳ ಮೇಲೆ ಕೂರಿಸಿ, ವಾಲ್ಕೀರಿಯಾ ಎಂಬ ಡಾಕ್ಟರಮ್ಮ ಬಿಳಿ ಹಲಗೆಯ ಮೇಲೆ ಹೊಟ್ಟೆಯದೊಂದು ಚಿತ್ರ ಬರೆದು ಹೇಳಿದ್ದಳು. ಹೊಟ್ಟೆ ಖಾಲಿಯಾದಾಗ ಅದು ಗ್ರೆಲಿನ್ ಎಂಬ ಹಾರ್ಮೋನನ್ನು ಮೆದುಳಿಗೆ ಕಳಿಸುತ್ತದೆ, ಕೊಡು ಎನ್ನುತ್ತದೆ. ಮೈಯ ಕೊಬ್ಬು ಲೆಪ್ಟಿನ್ ಎಂಬ ಇನ್ನೊಂದನ್ನು ಕಳಿಸುತ್ತದೆ, ಸಾಕು ಎನ್ನುತ್ತದೆ. ದಪ್ಪಗಿರುವವರಲ್ಲಿ ಈ ಸಾಕು ಎನ್ನುವುದು ಕಡಿಮೆಯಿರುವುದಿಲ್ಲ, ಬೇಕಾದಷ್ಟಕ್ಕಿಂತ ಹೆಚ್ಚೇ ಇರುತ್ತದೆ. ಮೆದುಳಿಗೆ ಅದು ಕೇಳಿಸುವುದಿಲ್ಲ, ಅಷ್ಟೆ. ಸತು, ಕಬ್ಬಿಣ, ಮೆಗ್ನೀಸಿಯಂ ಇಂಥ ಚಿಟಿಕೆಯಷ್ಟು ಖನಿಜಗಳು ರಕ್ತದಲ್ಲಿ ಕಮ್ಮಿಯಾದದ್ದಕ್ಕೂ ಈ ಕಿವುಡಿಗೂ ಏನು ನಂಟು ಎಂದು ನೋಡುವುದೇ ನಮ್ಮ ಕೆಲಸ, ಎಂದಳು. ಇರಾಸಿಲ್ಡಾ ಆ ದಿನ ಮನೆಗೆ ಹೋದದ್ದೇ ಗೊತ್ತಾಗಲಿಲ್ಲ. ಐವತ್ತೆರಡು ವರ್ಷ ಎಲ್ಲರೂ ಅವಳನ್ನು ಹೊಟ್ಟೆಬಾಕಿ ಎಂದರು, ಪಾದ್ರಿಯೂ ಅಂದ, ಗಂಡ ಅದೌತೋ ಬಾಯಿಬಿಟ್ಟು ಅನ್ನದೆ ತಟ್ಟೆಯನ್ನು ನೋಡಿ ಅಂದ. ಈಗ ಒಬ್ಬ ಓದಿದ ಹೆಂಗಸು ಹಲಗೆಯ ಮೇಲೆ ಬರೆದು, ನಿನ್ನ ಮೈ ಸಾಕು ಸಾಕು ಎಂದು ಕೂಗುತ್ತಲೇ ಇದೆ, ಕೇಳುವವರಿಲ್ಲ ಎನ್ನುತ್ತಿದ್ದಾಳೆ. ಅದನ್ನು ಕಾಗದದ ಮೇಲೆ ಬರೆಸಿಕೊಂಡು ಮನೆಯವರ ಮುಖಕ್ಕೆ ಹಿಡಿಯಬೇಕು ಎನ್ನುವುದೊಂದೇ ಅವಳ ಆಸೆಯಾಯಿತು. ಸಣ್ಣಗಾಗಬೇಕು ಎನ್ನುವ ಆಸೆ ಅವಳಿಗೆ ಯಾವತ್ತೋ ಸತ್ತಿತ್ತು.

ಎರಡನೆಯ ಮಹಡಿಯ ಆ ಕೋಣೆಯಲ್ಲಿ ಏಸಿ ಗುಂಯ್ಗುಡುತ್ತಿತ್ತು, ಬೆನ್ನಿನ ಬೆವರು ತಣ್ಣಗಾಗಿ ಮೈ ಜುಮ್ಮೆಂದಿತು. ಪುಸ್ತಕ ತೆಗೆದುಕೊಂಡವಳು ತಾಯಿನಾ ಎಂಬ ವಿದ್ಯಾರ್ಥಿನಿ, ಇಪ್ಪತ್ತೊಂದೋ ಇಪ್ಪತ್ತೆರಡೋ, ಮಣಿಕಟ್ಟು ಹೂಜಿಯ ಕೊರಳಿನ ಹಾಗೆ ಸಪೂರ. ಅವಳ ಪಕ್ಕದಲ್ಲಿ ಊಟದ ಚಿತ್ರಗಳ ಆಲ್ಬಮ್ಮಿತ್ತು: ಒಂದೇ ಥರದ ಬಿಳಿ ತಟ್ಟೆಯಲ್ಲಿ ಮೂರು ರಾಶಿ ಅನ್ನ, ಮೂರು ರಾಶಿ ಬೀನ್ಸ್ ಕಾಳು, ಮರಗೆಣಸಿನ ಹಿಟ್ಟಿನ ಮೂರು ಗುಡ್ಡೆ. ಬರೆದ ಒಂದೊಂದಕ್ಕೂ ಬೆರಳಿಟ್ಟು ಆ ಹುಡುಗಿ ಕೇಳಿದಳು, "ಚಿಕ್ಕದು, ಮಧ್ಯಮ, ದೊಡ್ಡದು?"

"ಚಿಕ್ಕದು," ಎಂದಳು ಇರಾಸಿಲ್ಡಾ.

"ಅನ್ನ?"

"ಚಿಕ್ಕದು. ಬೋಗುಣಿ ಅಳತೆ ಪಕ್ಕದಲ್ಲೇ ಬರ್ದಿದೀನಿ ನೋಡು ಮಗಳೇ."

"ಕಾಳು?"

"ಚಿಕ್ಕದು."

"ದೋನಾ ಇರಾಸಿಲ್ಡಾ, ಇನ್ನೊಂದು ಸಲ ಚಿತ್ರ ನೋಡಿ ಹೇಳ್ತೀರಾ?"

ದೋನಾ, ಅಂದರೆ ಅಮ್ಮಾವ್ರು, ಎಂದು ಕರೆದದ್ದಕ್ಕಾದರೂ ಅವಳು ಮತ್ತೆ ನೋಡಿದಳು. ಮತ್ತೆ ಅದನ್ನೇ ಹೇಳಿದಳು. ಹುಡುಗಿ ಬರೆದುಕೊಂಡಳು, ಆದರೆ ಬರೆಯುವ ಮೊದಲು ಅವಳ ಕಣ್ಣು ಇರಾಸಿಲ್ಡಾಳ ತೋಳಿನಿಂದ ಸೊಂಟಕ್ಕೆ, ಸೊಂಟದಿಂದ ಬೆಂಚಿನ ಅಂಚಿಗೆ ಹೋಗಿ ಬಂತು. ಆ ನೋಟ ಇರಾಸಿಲ್ಡಾಗೆ ಹೊಸದಲ್ಲ. ಮದುವೆಮನೆಯಲ್ಲಿ ಎರಡನೆಯ ಸಲ ಬಡಿಸಿಕೊಳ್ಳಲು ಹೋದಾಗ ಕಾಣುವುದು ಅದೇ, ಬಡಿಸಿಕೊಳ್ಳದೆ ಕೂತಾಗ ಕಾಣುವುದೂ ಅದೇ. ಕೇಕಿನ ಸಾಲು ಬಂದಾಗ ಹುಡುಗಿ 'ಯಾರಿಗೂ ಕಾಣದ ಹಾಗೆ' ಎನ್ನುವುದನ್ನು ಓದಿ ತುಟಿ ಕಚ್ಚಿಕೊಂಡಳು, ನಗು ತಡೆಯಲೋ ಪಾಪ ಎನ್ನಿಸಿಯೋ ತಿಳಿಯಲಿಲ್ಲ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ಇನ್ನೊಮ್ಮೆ ಕೂಡಿಸಿದಳು.

"ಏನಾಯ್ತು?"

"ಲೆಕ್ಕ ಹೊಂದ್ತಿಲ್ಲ," ಎಂದಳು ತಾಯಿನಾ ಪರದೆಯನ್ನು ನೋಡುತ್ತಲೇ. "ನೀವು ಇಡೀ ದಿನ ಹಾಸಿಗೇಲಿ ಸುಮ್ನೆ ಮಲಗಿದ್ರೂ ನಿಮ್ಮ ಮೈಗೆ ಸಾವಿರದ ಎಂಟುನೂರು ಕ್ಯಾಲೊರಿ ಬೇಕು. ನೀವು ಬರ್ದಿರೋದು ಸಾವಿರದ ಮುನ್ನೂರೂ ಇಲ್ಲ."

"ಅಂದ್ರೆ?"

"ಅಂದ್ರೆ... ಅಷ್ಟು ತಿಂದು ಇಷ್ಟು ತೂಕ ಇರೋಕಾಗಲ್ಲ. ಪರವಾಗಿಲ್ಲ, ತುಂಬಾ ಜನಕ್ಕೆ ಹೀಗೇ ಆಗುತ್ತೆ. ಮರ್ತುಹೋಗುತ್ತೆ."

"ನಾನು ಮರ್ತಿಲ್ಲ."

"ಬೇಕಂತ ಅಲ್ಲ ದೋನಾ ಇರಾಸಿಲ್ಡಾ, ನಮಗೇ ಗೊತ್ತಿಲ್ದೆ..."

"ಮಗಳೇ, ಮರೆಯೋದು ಬೇರೆ, ಸುಳ್ಳು ಹೇಳೋದು ಬೇರೆ. ನೀನು ಯಾವ್ದು ಹೇಳ್ತಿದೀಯ, ಬಾಯಿಬಿಟ್ಟು ಹೇಳು."

ಹುಡುಗಿಯ ಕೈ ಹೇಳಿತು. ಕಡತದ ಮೇಲಂಚಿನಲ್ಲಿ ಕೆಂಪು ಅಕ್ಷರದಲ್ಲಿ ಅವಳು ಬರೆದದ್ದನ್ನು ಇರಾಸಿಲ್ಡಾ ತಲೆಕೆಳಗಾಗಿಯೇ ಓದಿದಳು, ಹೂಜಿಗಳ ತಳದಲ್ಲಿ ಹೆಸರು ಕೊರೆದು ಕೊರೆದು ತಲೆಕೆಳಗಿನ ಅಕ್ಷರ ಅವಳಿಗೆ ಸಲೀಸು. 'ನಂಬಲರ್ಹವಲ್ಲ. ಕೈಬಿಡುವುದು.'

ಸಿಟ್ಟು ಅವಳಿಗೆ ಮೊದಲು ಕಾಲಿಗೆ ಬಂತು. ಎದ್ದು ಹೋಗಿಬಿಡಲೇ ಎನ್ನಿಸಿತು. ಹೋಗಿ ಏನು ಮಾಡುವುದು, ಬಸ್ಸಿನಲ್ಲಿ ಮತ್ತೆ ಆ ಗೇಟು. ಎಂಥ ಜನ ಇವರು. ಹದಿನಾಲ್ಕು ಪುಟ್ಟ ಸೀಸೆ ರಕ್ತ ತೆಗೆದುಕೊಂಡರು, ತೋಳಿಗೆ ಕಟ್ಟುವ ಪಟ್ಟಿ ಸಾಲದೆ ತೊಡೆಗೆ ಕಟ್ಟುವುದನ್ನು ತರಿಸಿದರು, ಬಟ್ಟೆ ಬಿಚ್ಚಿಸಿ ಟೇಪು ಸುತ್ತಿದರು, ಟೇಪು ಮುಗಿದಾಗ ಇನ್ನೊಂದು ಟೇಪು ಸೇರಿಸಿದರು. ಅವಳ ರಕ್ತ ನಂಬಿದರು, ಮೂತ್ರ ನಂಬಿದರು, ಸೊಂಟದ ಸುತ್ತಳತೆ ನಂಬಿದರು. ಅವಳು ಕೈಯಾರೆ ಬರೆದುಕೊಟ್ಟದ್ದನ್ನು ಮಾತ್ರ ನಂಬಲಿಲ್ಲ. ಆ ಕೇಕಿನ ಎರಡನೆಯ ತುಂಡನ್ನು ಬರೆಯದೆ ಇದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಬರೆದದ್ದರಿಂದ ಅವಳಿಗೆ ಬಂದ ಭಾಗ್ಯವೇನು. ಅಮ್ಮ ಹೇಳುತ್ತಿದ್ದಳು, ಬಡವರ ಸತ್ಯಕ್ಕೆ ಸಾಕ್ಷಿ ಬೇಕು, ದಪ್ಪಗಿರೋರ ಸತ್ಯಕ್ಕೆ ಸಾಕ್ಷಿಯೂ ಸಾಲದು ಅಂತ. ಅಮ್ಮ ಎಸ್ತೆಲೀಟಾ ಕಡ್ಡಿಯ ಹಾಗಿದ್ದಳು. ಗುರುವಾರ ಮಣ್ಣಿನ ಗಾಡಿ ಬಂದಾಗ ಎಲ್ಲರೂ ಸುತ್ತ ನಿಂತಿರುತ್ತಿದ್ದರು, ಅಮ್ಮ ರಾಶಿಯ ನಡುವಿನಿಂದ ಒಂದು ಚಿಟಿಕೆ ತೆಗೆದು ಹಲ್ಲಿನ ನಡುವೆ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಕರಕರ ಎಂದರೆ ಮರಳು, ಅಂಥ ಮಣ್ಣು ಆವಿಗೆಯಲ್ಲಿ ಬಿರಿಯುತ್ತದೆ, ಗಾಡಿ ವಾಪಸ್ಸು. ಬೆಣ್ಣೆಯ ಹಾಗೆ ಕರಗಿದರೆ ಇಳಿಸಿ. ಅಮ್ಮ ಎಡಗಡೆಗೆ ಉಗಿದು, ತಣ್ಣನೆ ಕಾಫಿಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದಳು. ಅವಳ ಹಲ್ಲು ಉದುರಿದ ಮೇಲೆ ಹತ್ತೊಂಬತ್ತರ ಇರಾಸಿಲ್ಡಾಗೆ ಆ ಕೆಲಸ ಬಂತು. ಮೊದಲ ಗುರುವಾರ ಎಲ್ಲರ ಮುಂದೆ ಅವಳೂ ಹಲ್ಲಿನ ನಡುವೆ ಇಟ್ಟು ಕಣ್ಣು ಮುಚ್ಚಿದಳು. ಮಳೆ ಬಿದ್ದ ನೆಲದ ವಾಸನೆ ನಾಲಿಗೆಯಲ್ಲಿ ಇಳಿಯಿತು. ಅವಳು ಎಡಗಡೆ ತಿರುಗಿ ಉಗಿದ ಹಾಗೆ ಮಾಡಿದಳು, ಉಗಿಯಲಿಲ್ಲ.

"ದೋನಾ ಇರಾಸಿಲ್ಡಾ," ಎಂದು ಬಾಗಿಲಲ್ಲಿ ದನಿ ಕೇಳಿತು. ಡಾಕ್ಟರ್ ವಾಲ್ಕೀರಿಯಾ ಬಂದು ಎದುರು ಕುಳಿತು ಕಡತದ ಕೆಂಪು ಅಕ್ಷರ ನೋಡಿದಳು, ಕನ್ನಡಕವನ್ನು ತಲೆಗೇರಿಸಿದಳು. ಐವತ್ತರ ಹೆಂಗಸು, ಮಾತು ಮೆತ್ತಗೆ, ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬೈದು ಹೋಗುವುದು ಸುಲಭವಿತ್ತು. "ಅಧ್ಯಯನದಲ್ಲಿ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ ಅಂತ ತಾಯಿನಾ ಹೇಳಿರ್ಬೇಕು. ಬೇಜಾರು ಮಾಡ್ಕೋಬೇಡಿ, ಅದೊಂದು ನಿಯಮ. ಆದ್ರೆ ರಕ್ತದ ವಿಷಯ ನಿಮಗೆ ಹೇಳಲೇಬೇಕು, ಅದು ನಿಮ್ಮ ಹಕ್ಕು." ಅವಳು ಹಾಳೆ ತಿರುಗಿಸಿ ಇಟ್ಟಳು. "ಲೆಪ್ಟಿನ್ ಇರ್ಬೇಕಾದ್ದಕ್ಕಿಂತ ನಾಲ್ಕು ಪಟ್ಟಿದೆ. ಗ್ರೆಲಿನ್ ಕಡಿಮೇನೇ ಇದೆ. ನಿಮ್ಮ ಮೈ ಸಾಕು ಅಂತಾನೇ ಹೇಳ್ತಿದೆ."

"ನಾನೂ ಅದನ್ನೇ ಹೇಳ್ತಿರೋದು, ಡಾಕ್ಟರಮ್ಮ."

ಡಾಕ್ಟರಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಬೆರಳು ಕೆಳಗಿನ ಸಾಲಿಗೆ ಹೋಗಿತ್ತು. "ನನಗೆ ಅರ್ಥ ಆಗದೇ ಇರೋದು ಇದು. ಸತು ತುಂಬಾನೇ ಕಡಿಮೆ. ಕಬ್ಬಿಣ ಅಂತೂ ತಳ ಕಂಡಿದೆ. ದಪ್ಪ ಇರೋರಲ್ಲಿ ಸ್ವಲ್ಪ ಕಡಿಮೆ ಇರೋದು ನಾವು ನೋಡಿದೀವಿ, ಆದ್ರೆ ಈ ಮೂವತ್ತು ಜನರಲ್ಲಿ ಇಷ್ಟು ಕಡಿಮೆ ಯಾರಿಗೂ ಇಲ್ಲ. ನೀವು ಕಾಳು ತಿಂತೀರಿ, ಮಾಂಸ ತಿಂತೀರಿ. ಒಳಗೆ ಹೋದದ್ದನ್ನ ಏನೋ ತಡೀತಿದೆ. ಏನಾದ್ರೂ ಬರಿಯೋದು ಬಿಟ್ಟಿದೀರಾ? ಯಾವ್ದಾದ್ರೂ ಕಷಾಯ, ಔಷಧಿ, ಏನೇ ಇರ್ಲಿ?"

ಚೀಲ ಅವಳ ಮಡಿಲಲ್ಲಿತ್ತು. ತಳದ ಗಂಟು ತೊಡೆಗೆ ತಗುಲುತ್ತಿತ್ತು. ಅವಳು ಬರೆಯದೆ ಬಿಟ್ಟದ್ದು ಒಂದೇ ಒಂದು, ಅದನ್ನು ಬಿಟ್ಟೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ, ಯಾಕೆಂದರೆ ಅದು ಊಟವಲ್ಲ. ರುಚಿ ನೋಡುವುದು ಕೆಲಸ. ಕೆಲಸವನ್ನು ಯಾರು ಊಟದ ಪುಸ್ತಕದಲ್ಲಿ ಬರೆಯುತ್ತಾರೆ, ಬಡಗಿ ಬಾಯಲ್ಲಿ ಕಚ್ಚಿಕೊಂಡ ಮೊಳೆಯನ್ನು ಬರೆಯುತ್ತಾನೆಯೇ. ಹೀಗೆ ಹೇಳಿಕೊಳ್ಳುತ್ತಿರುವಾಗಲೇ ಇದು ಅರ್ಧ ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಗುರುವಾರದ ಚಿಟಿಕೆ ಕೆಲಸ. ಶುಕ್ರವಾರದ್ದು, ಶನಿವಾರದ್ದು, ಆವಿಗೆಯ ಹಿಂದೆ ಒಣಗಲು ಬಿಟ್ಟ ಹಸಿ ಬೋಗುಣಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡದ್ದು, ಅಮ್ಮನ ಶವದ ಮುಂದೆ ಊರೆಲ್ಲ ಕಾಫಿ ಕುಡಿಯುತ್ತಿದ್ದಾಗ ಹಿತ್ತಲಿಗೆ ಹೋಗಿ ತಿಂದದ್ದು, ಅದು ಯಾವ ಕೆಲಸ. ಅದನ್ನು ತಿಂದರೆ ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ, ಎರಡು ಚಮಚೆಗೆ ಸಾಕಾಗುತ್ತಿತ್ತು. ಆ ಸಾವಿರದ ಮುನ್ನೂರು ನಿಜವಾಗಿದ್ದು ಹಾಗೆ. ಮತ್ತೆ ಅದು, ಮೂವತ್ತೊಂದು ವರ್ಷದ ಹಿಂದಿನ ಆ ಬೆಳಗು. ಏಳು ತಿಂಗಳ ಬಸುರಿ, ದಿನಕ್ಕೆ ಒಂದು ಹಿಡಿ ಮಣ್ಣಿಲ್ಲದೆ ನಿಲ್ಲಲಾರದ ಬಯಕೆ, ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಮಗು ಗಂಡು. ಅಳಲಿಲ್ಲ. ಸೂಲಗಿತ್ತಿ ಇವಳ ಬಾಯಿ ತೊಳೆಸಲು ಬಂದವಳು ಹಲ್ಲಿನ ಸಂದಿಯಲ್ಲಿ ಬೂದು ಬಣ್ಣ ಕಂಡು ಅದೌತೋನ ತಾಯಿಯನ್ನು ಕರೆದು ತೋರಿಸಿದಳು. ಅತ್ತೆ ಆಗ ಒಂದೇ ಮಾತು ಹೇಳಿದ್ದು: "ಮಣ್ಣು ತಿಂದು ಮಗೂನ ಮಣ್ಣಿಗೆ ಹಾಕಿದ್ಯಲ್ಲೇ." ಅದೌತೋ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ಮೇಲೆ ಮಕ್ಕಳಾಗಲಿಲ್ಲ. ಆ ಮೇಲೆ ಅವಳು ಮಣ್ಣು ತಿನ್ನುವುದನ್ನು ದೇವರೂ ನೋಡಲಿಲ್ಲ.

"ಡಾಕ್ಟರಮ್ಮ, ಒಂದು ಕೇಳ್ತೀನಿ," ಎಂದಳು. ದನಿ ತನ್ನದಲ್ಲ ಎನ್ನಿಸಿತು. "ಒಬ್ಳು ಮಣ್ಣು ತಿಂತಾಳೆ ಅಂತಿಟ್ಕೊಳ್ಳಿ. ಮಣ್ಣು ತಿಂದಿದ್ದಕ್ಕೆ ರಕ್ತದಲ್ಲಿ ಕಬ್ಬಿಣ ಕಮ್ಮಿ ಆಗುತ್ತೋ, ಕಬ್ಬಿಣ ಕಮ್ಮಿ ಇದ್ದಿದ್ದಕ್ಕೆ ಮಣ್ಣು ಬೇಕನ್ಸುತ್ತೋ?"

ಡಾಕ್ಟರಮ್ಮ ಕನ್ನಡಕವನ್ನು ತಲೆಯಿಂದ ಮೂಗಿಗಿಳಿಸಿದಳು. "ಎರಡೂ ಇರ್ಬಹುದು. ಜೇಡಿಮಣ್ಣು ಕಬ್ಬಿಣಾನ, ಸತುವನ್ನ ಹೊಟ್ಟೇಲೇ ಹಿಡ್ಕೊಂಡುಬಿಡುತ್ತೆ. ಅದು ಕಮ್ಮಿ ಆದೋರಿಗೆ ಮಣ್ಣಿನ ಬಯಕೆ ಬರುತ್ತೆ ಅಂತಾನೂ ಹೇಳ್ತಾರೆ. ಯಾವ್ದು ಮೊದಲು, ಯಾವ್ದು ಆಮೇಲೆ, ಅದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ."

"ಯಾರಿಗೂ?"

"ಯಾರಿಗೂ."

ಯಾರಿಗೂ ಗೊತ್ತಿಲ್ಲ. ಇಷ್ಟು ಓದಿದವರಿಗೆ, ಇಷ್ಟು ಯಂತ್ರ ಇಟ್ಟುಕೊಂಡವರಿಗೆ ಗೊತ್ತಿಲ್ಲ. ಹಾಗಾದರೆ ಆ ಸೂಲಗಿತ್ತಿಗೆ ಹೇಗೆ ಗೊತ್ತಾಯಿತು, ಅತ್ತೆಗೆ ಯಾವ ಪುಸ್ತಕದಲ್ಲಿ ಬರೆದಿತ್ತು, ಬಾಗಿಲಲ್ಲಿ ನಿಂತವನು ಯಾವ ಧೈರ್ಯದ ಮೇಲೆ ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡ. ಗೊತ್ತಿಲ್ಲದವರೆಲ್ಲ ಸೇರಿ ಅವಳ ತಲೆಯ ಮೇಲೆ ಒಂದು ಹೆಣ ಹೊರಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು, ಅವಳೂ ಹೊತ್ತುಕೊಂಡು ನಡೆದಳು, ನನ್ನದಲ್ಲ ಎಂದು ಒಂದು ದಿನ ಕೆಳಗಿಡಲಿಲ್ಲ. ರಕ್ತವಿಲ್ಲದೆ ಬಿಳಿಚಿಕೊಂಡ ಹುಡುಗಿಗೆ ಆವತ್ತು ಯಾರಾದರೂ ಒಂದು ಮಾತ್ರೆ ಕೊಟ್ಟಿದ್ದರೆ? ಈಗ ಕಣ್ಣಿಗೆ ನೀರು ಬರುತ್ತದೆ ಎಂದು ಕಾದಳು. ಬರಲಿಲ್ಲ, ಬಂದದ್ದು ಸಿಟ್ಟು, ಈ ಸಲ ಕಾಲಿಗಲ್ಲ, ಕೈಗೆ. ಅವಳು ಚೀಲದೊಳಗೆ ಕೈ ಹಾಕಿ ಕರವಸ್ತ್ರದ ಗಂಟು ತೆಗೆದು, ಬಿಚ್ಚಿ, ಊಟದ ಪುಸ್ತಕದ ಮೇಲೆ ಇಟ್ಟಳು. ಬೂದು ಬಣ್ಣದ ಒಂದು ಗಟ್ಟಿ, ಗೇರುಹಣ್ಣಿನ ಬೀಜದ ಎರಡರಷ್ಟು, ಒಂದು ಬದಿಯಲ್ಲಿ ಹಲ್ಲಿನ ಗುರುತು.

"ಇದು," ಎಂದಳು. "ದಿನಾ. ಬರೀದೆ ಬಿಟ್ಟಿದ್ದು ಇದೊಂದೇ. ಈಗ ಬರ್ಕೊಳ್ಳಿ."

ತಾಯಿನಾ ಕೀಲಿಮಣೆಯ ಮೇಲೆ ಕೈಯಿಟ್ಟಳು, ತೆಗೆದಳು. "ಮೇಡಂ, ಇದನ್ನ ಯಾವ ಊಟದ ಕೆಳಗೆ ಹಾಕ್ಲಿ? ಪಟ್ಟೀಲಿ ಇಲ್ಲ."

ಡಾಕ್ಟರಮ್ಮ ಮುಂದೆ ಬಗ್ಗಿದ್ದಳು. ಅವಳ ಮುಖದಲ್ಲಿ ಹೊಸ ಬೆಳಕಿತ್ತು. ಒಳ್ಳೆಯ ಮಣ್ಣು ಸಿಕ್ಕಾಗ ಎವಾನಿಯ ಮುಖದಲ್ಲಿ ಬರುತ್ತದಲ್ಲ, ಅಂಥದ್ದು. "ಎಷ್ಟು ವರ್ಷದಿಂದ? ದಿನಕ್ಕೆ ಎಷ್ಟು ಗ್ರಾಮ್ ಇರ್ಬಹುದು? ನಿಮ್ಮ ಕೊಟ್ಟಿಗೇಲಿ ಬೇರೆ ಯಾರಾದ್ರೂ? ದೋನಾ ಇರಾಸಿಲ್ಡಾ, ಇದು ತುಂಬಾ ಮುಖ್ಯವಾದದ್ದು, ನಿಮಗೆ ಗೊತ್ತಿಲ್ಲ. ಇದನ್ನ ನಾನು ಪ್ರಯೋಗಾಲಯಕ್ಕೆ ಕಳಿಸ್ಲಾ? ಒಂದು ಫೋಟೊ ತಗೋಳ್ಲಾ?" ಎಂದವಳು, ನೆನಪಾದವಳಂತೆ, "ಮತ್ತೆ ನೀವು ಇದನ್ನ ಇವತ್ತಿಂದಾನೇ ಬಿಡ್ಬೇಕು, ಅದು ಬೇರೆ ಮಾತು. ಕಬ್ಬಿಣದ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೆ ಚೀಟಿ ಬರ್ಕೊಡ್ತೀನಿ," ಎಂದಳು.

"ಆಗ್ಲಿ. ಅದಕ್ಕೆ ಮುಂಚೆ ಅದನ್ನ ಹೊಡೆದುಹಾಕಿ," ಎಂದಳು ಇರಾಸಿಲ್ಡಾ, ಕೆಂಪು ಅಕ್ಷರವನ್ನು ತೋರಿಸಿ. "ಬಿಟ್ಟಿದ್ದನ್ನ ಹೇಳಿದೀನಲ್ಲ. ಈಗ ಲೆಕ್ಕ ಹೊಂದುತ್ತಲ್ಲ."

ತಾಯಿನಾ ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಮಣ್ಣಿನ ಗಟ್ಟಿಯನ್ನು ನೋಡುತ್ತಿದ್ದಳು. "ಹಾಗಾಗಲ್ಲ," ಎಂದಳು ಮೆತ್ತಗೆ. "ಮಣ್ಣಿನಲ್ಲಿ ಕ್ಯಾಲೊರಿ ಇಲ್ಲ ನೋಡಿ. ಅದನ್ನ ಎಷ್ಟು ಸೇರಿಸಿದ್ರೂ ಮೊತ್ತ ಅಷ್ಟೇ ಇರುತ್ತೆ. ನಿಯಮದ ಪ್ರಕಾರ ವರದಿ ಇನ್ನೂ..." ಅವಳು ಆ ಪದ ಹೇಳಲಿಲ್ಲ, ಕೈಯಾಡಿಸಿದಳು. "ನಿಮ್ಮ ಮೇಲೆ ನನಗೆ ವೈಯಕ್ತಿಕವಾಗಿ ನಂಬಿಕೆ ಇದೆ."

ಇರಾಸಿಲ್ಡಾ ಇಬ್ಬರನ್ನೂ ನೋಡಿದಳು. ಮೂವತ್ತೊಂದು ವರ್ಷ ಗಂಡನಿಗೆ ಹೇಳದ್ದನ್ನು, ಪಾದ್ರಿಗೆ ಹೇಳದ್ದನ್ನು ಈ ತಣ್ಣನೆ ಕೋಣೆಯ ಮೇಜಿನ ಮೇಲೆ ಬಿಚ್ಚಿಟ್ಟು ಅವಳಿಗೆ ಸಿಕ್ಕಿದ್ದು ಏನು? ಸೊನ್ನೆ. ಕೂಡಿಸಿದರೂ ಸೊನ್ನೆ. ಗೇಟು ಕಟಕ್ ಎಂದಿತು, ಅವಳು ಹೊರಗೇ ಉಳಿದಳು.

"ನನ್ನ ಮಾತು ಬೇಡ, ನನ್ನ ಮಣ್ಣು ಬೇಕು," ಎಂದಳು. ಕೂಗಲಿಲ್ಲ. "ರಕ್ತ ಬೇಕು, ಫೋಟೊ ಬೇಕು, ಮಾತು ಮಾತ್ರ ಬೇಡ. ಆ ಪದ ಹೊಡೆದುಹಾಕಿ ಡಾಕ್ಟರಮ್ಮ, ಮಣ್ಣು ತಗೊಳ್ಳಿ. ಇಷ್ಟೇ ನಾನು ಕೇಳೋದು."

"ದೋನಾ ಇರಾಸಿಲ್ಡಾ, ಅದು ನನ್ನ ಕೈಲಿಲ್ಲ. ಅರ್ಥ ಮಾಡ್ಕೊಳ್ಳಿ."

ಅವಳು ಅರ್ಥ ಮಾಡಿಕೊಂಡಳು. ಡಾಕ್ಟರಮ್ಮನ ಬೆರಳು ಗಟ್ಟಿಯ ಕಡೆಗೆ ಬರುವ ಮೊದಲೇ ಅದನ್ನು ಎತ್ತಿಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಅವಳು ಯಾರ ಕಣ್ಣೆದುರಿಗೂ ಇದನ್ನು ಮಾಡಿದವಳಲ್ಲ. ಹಲ್ಲಿನ ನಡುವೆ ಅದು ಮುರಿದ ಸದ್ದು ಕೋಣೆಯಲ್ಲೆಲ್ಲ ಕೇಳಿತು. ಅವಳು ಕೊಟ್ಟಿಗೆಯಲ್ಲಿ ಮಾಡುವ ಹಾಗೆಯೇ ಕಣ್ಣು ಮುಚ್ಚಿ, ಅವಸರವಿಲ್ಲದೆ, ಮೊದಲು ಮುಂದಿನ ಹಲ್ಲಿನಲ್ಲಿ, ಆಮೇಲೆ ದವಡೆಯಲ್ಲಿ, ಆಮೇಲೆ ನಾಲಿಗೆಯ ಮೇಲೆ ಹರಡಿ ನೋಡಿದಳು. ಮರಳು ಒಂದು ಕಣವೂ ಇರಲಿಲ್ಲ. ಹನ್ನೆರಡು ಗಂಟೆಗೂ ಮೀರಿದ ಉಪವಾಸದ ಮೇಲೆ ಅವಳ ಬಾಯಿಗೆ ಹೋದ ಮೊದಲ ತುತ್ತು ಅದು. ಎಡಗಡೆಗೆ ತಿರುಗಲಿಲ್ಲ, ನುಂಗಿದಳು, ನುಂಗಿದ್ದು ಇಬ್ಬರಿಗೂ ಕಾಣುವ ಹಾಗೆ ಗಂಟಲನ್ನು ಮೇಲೆತ್ತಿ ನುಂಗಿದಳು.

ಡಾಕ್ಟರಮ್ಮ ಅರ್ಧ ಎದ್ದು ನಿಂತಿದ್ದಳು. ತಾಯಿನಾ ಅಭ್ಯಾಸಬಲದಿಂದ ಗೋಡೆಯ ಗಡಿಯಾರ ನೋಡಿ, ಪೆನ್ನು ಎತ್ತಿಕೊಂಡು, ಪುಸ್ತಕದ ಖಾಲಿ ಸಾಲಿನಲ್ಲಿ ಬರೆದಳು: ಒಂಬತ್ತೂ ನಲವತ್ತು. ಜೇಡಿಮಣ್ಣು. ಆಮೇಲೆ ಅವಳ ಕೈ ನಿಂತಿತು. ಪ್ರಶ್ನೆ ಅವಳ ತುಟಿಯವರೆಗೆ ಬಂದು ನಿಂತದ್ದು ಕಾಣುತ್ತಿತ್ತು.

"ಕೇಳು ಮಗಳೇ," ಎಂದಳು ಇರಾಸಿಲ್ಡಾ. ಹಲ್ಲುಗಳು ಬೂದು ಬಣ್ಣವಾಗಿದ್ದವು, ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ.

"ಚಿ... ಚಿಕ್ಕದು, ಮಧ್ಯಮ, ದೊಡ್ಡದು?"

"ಚಿಕ್ಕದು."

ಹುಡುಗಿ ಈ ಸಲ ಅವಳ ತೋಳು ನೋಡಲಿಲ್ಲ, ಸೊಂಟ ನೋಡಲಿಲ್ಲ, ಡಾಕ್ಟರಮ್ಮನ ಮುಖವನ್ನೂ ನೋಡಲಿಲ್ಲ. 'ಚಿಕ್ಕದು' ಎಂದು ಬರೆದಳು.

"ಕಣ್ಣಾರೆ ಕಂಡ್ಮೇಲೆ ನಾಯೀನೂ ನಂಬುತ್ತೆ," ಎಂದಳು ಇರಾಸಿಲ್ಡಾ, ಚೀಲ ಹೆಗಲಿಗೇರಿಸಿಕೊಂಡು ಎದ್ದಳು. ಹನ್ನೊಂದಕ್ಕೆ ಗಾಡಿ ಬರುವುದಿತ್ತು.